ರಜಾ ಅಲಿ ಆಬಿದಿ: ಬಾನುಲಿಯಲ್ಲಿದ್ದ ಲೇಖಕರೋ, ಬಾನುಲಿ ರೂಪಿಸಿದ ಲೇಖಕರೋ?

ಬೀದರಿನ ಓದುಗ:
ಲಂಡನ್ನಿನಲ್ಲಿ ನೆಲೆಸಿದ ಉರ್ದು ಲೇಖಕ, ಬಿಬಿಸಿ ಉರ್ದು ವಿಭಾಗದ ಪ್ರಸಾರಕ ರಜಾ ಅಲಿ ಆಬಿದಿ ಅವರನ್ನು ಕುರಿತು ಒಂದು ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ರೂರ್ಕಿಯಲ್ಲಿ ಹುಟ್ಟಿದ ಅವರು 1950ರಲ್ಲಿ ಕರಾಚಿಗೆ ವಲಸೆ ಹೋಗಿ, ಅಲ್ಲಿ ಪತ್ರಿಕೆಗಳಲ್ಲಿ ದುಡಿದು, 1972ರಲ್ಲಿ ಬಿಬಿಸಿ ಸೇರಿ, 1996ರಲ್ಲಿ ನಿವೃತ್ತರಾದರು. ಪೇಶಾವರದಿಂದ ಕೋಲ್ಕತ್ತದವರೆಗಿನ ಗ್ರ್ಯಾಂಡ್ ಟ್ರಂಕ್ ರಸ್ತೆಯ ಪ್ರವಾಸವಾದ ‘ಜರ್ನೈಲಿ ಸಡಕ್’, ಲಡಾಖಿನಿಂದ ಕಡಲಿನವರೆಗೆ ಸಿಂಧೂ ನದಿಯ ಜಾಡು ಹಿಡಿದ ‘ಶೇರ್ ದರಿಯಾ’, ಕ್ವೆಟ್ಟಾದಿಂದ ಕೋಲ್ಕತ್ತಕ್ಕೆ ರೈಲಿನಲ್ಲಿ ಸಾಗಿದ ‘ರೇಲ್ ಕಹಾನಿ’ ಈ ಮೂರೂ ಮೊದಲು ಕೇಳುಗರಿಗೆ ತಲುಪಿ, ಆಮೇಲೆ ಪುಸ್ತಕಗಳಾದವು. ಇವುಗಳನ್ನು ಸಾಹಿತ್ಯವೆನ್ನಬೇಕೇ, ಪತ್ರಿಕೋದ್ಯಮವೆನ್ನಬೇಕೇ? ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ತಂದೆಯವರಂಥವರು ಈ ಕಡೆಯ ಜಿಲ್ಲೆಗಳಲ್ಲಿ ಬಹಳ ಜನರಿದ್ದರು. ಅವರ ಪಾಲಿಗೆ ಶಾರ್ಟ್‌ವೇವ್‌ನಲ್ಲಿ ಬರುತ್ತಿದ್ದ ಈ ಉರ್ದುವೇ ಒಳ್ಳೆಯ ಗದ್ಯದ ಮಾದರಿಯಾಗಿತ್ತು. ನನ್ನ ಮತವೂ ಅದೇ.

ಧಾರವಾಡದ ಕೇಳುಗ:
ತಮ್ಮ ಅಭಿಮಾನ ಅರ್ಥವಾಗುತ್ತದೆ, ಆದರೆ ವಾದವನ್ನು ಒಪ್ಪಲಾರೆ. ಬಾನುಲಿಯ ಸಾಕ್ಷ್ಯಚಿತ್ರದಲ್ಲಿ ಅರ್ಧ ಕೆಲಸವನ್ನು ದನಿಯೇ ಮಾಡುತ್ತದೆ. ಲಾರಿಯ ಹಾರ್ನು, ಚಹಾದಂಗಡಿಯ ಗದ್ದಲ, ಮಾತನಾಡುವವನು ಪದ ಹುಡುಕುತ್ತ ತಡೆಯುವ ಆ ಒಂದು ಕ್ಷಣ, ಇವೆಲ್ಲ ಟೇಪಿನಲ್ಲಿ ಇರುತ್ತವೆ, ಪುಟದಲ್ಲಿ ಇರುವುದಿಲ್ಲ. ಪುಟಕ್ಕೆ ಇಳಿದಾಗ ಉಳಿಯುವುದು ಊರಿಂದ ಊರಿಗೆ ಹೋಗಿ ಹತ್ತು ಜನರನ್ನು ಮಾತನಾಡಿಸಿದ ವರದಿ. ಪ್ರವಾಸ ಸಾಹಿತ್ಯದಲ್ಲಿ ಪ್ರವಾಸಿಯ ಒಳಗೂ ಏನಾದರೂ ನಡೆಯಬೇಕು. ಇಲ್ಲಿ ಲೇಖಕರು ಮೈಕನ್ನು ಎದುರಿನವರ ಮುಂದೆ ಹಿಡಿದು ತಾವು ಹಿಂದೆ ಸರಿಯುತ್ತಾರೆ. ಪ್ರಸಾರಕರಾಗಿ ಅದು ದೊಡ್ಡ ಗುಣ, ಲೇಖಕರಾಗಿ ಒಂದು ಮಿತಿ.

ಇತಿಹಾಸದ ವಿದ್ಯಾರ್ಥಿನಿ:
ಇಬ್ಬರೂ ಹಿರಿಯರು ಸಂಸ್ಥೆಯನ್ನು ಮರೆತು ವ್ಯಕ್ತಿಯನ್ನಷ್ಟೇ ನೋಡುತ್ತಿದ್ದೀರಿ. ಬಿಬಿಸಿಯ ಹಿಂದೂಸ್ತಾನಿ ಪ್ರಸಾರ ಆರಂಭವಾದದ್ದು 1940ರ ಮೇ ತಿಂಗಳಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ಅದನ್ನು ಕಟ್ಟಲು ಇಲ್ಲಿಂದ ಹೋದ ಜುಲ್ಫಿಕಾರ್ ಅಲಿ ಬುಖಾರಿ ಅವರೇ ಮುಂದೆ ರೇಡಿಯೊ ಪಾಕಿಸ್ತಾನದ ಮುಖ್ಯಸ್ಥರಾದರು. ಉರ್ದು ವಿಭಾಗವೂ ಸೇರಿದ ಬಿಬಿಸಿ ವರ್ಲ್ಡ್ ಸರ್ವಿಸ್‌ನ ಖರ್ಚನ್ನು 2014ರವರೆಗೂ ಭರಿಸುತ್ತಿದ್ದುದು ಬ್ರಿಟಿಷ್ ವಿದೇಶಾಂಗ ಇಲಾಖೆಯ ಅನುದಾನ. ಇಂಥ ಸಂಸ್ಥೆಯ ಸಂಬಳದಲ್ಲಿ ಶೇರ್ ಶಾಹನ ಆ ಗ್ರ್ಯಾಂಡ್ ಟ್ರಂಕ್ ರಸ್ತೆಯ ಕಥೆ ಹೇಳುವಾಗ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬ ಗೆರೆಯನ್ನು ಎಳೆದವರು ಯಾರು ಎಂದು ಕೇಳದೆ ಗದ್ಯದ ಸೊಗಸನ್ನು ಮಾತ್ರ ಮೆಚ್ಚುವುದು ನನಗೆ ಕಷ್ಟ.

ಬೀದರಿನ ಓದುಗ:
ವಿದ್ಯಾರ್ಥಿನಿಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ವರ್ಷಗಳಲ್ಲಿ ಆ ಕಡೆ ಏನಿತ್ತು ಎಂಬುದನ್ನೂ ತೂಗಬೇಕಲ್ಲವೇ? ಜಿಯಾ ಉಲ್ ಹಕ್ ಅವರ ಆಡಳಿತದಲ್ಲಿ ಪಾಕಿಸ್ತಾನದ ಪತ್ರಿಕೆಗಳು ಅಚ್ಚಿಗೆ ಮುನ್ನವೇ ಸೆನ್ಸಾರಿಗೆ ಒಳಗಾಗುತ್ತಿದ್ದವು. ಕತ್ತರಿ ಬಿದ್ದ ಜಾಗವನ್ನು ಖಾಲಿ ಬಿಟ್ಟು ಮುದ್ರಿಸಿದ ಪುಟಗಳೂ ಇದ್ದವು. ಜನ ತಮ್ಮದೇ ದೇಶದ ಸುದ್ದಿಗಾಗಿ ಬಿಬಿಸಿ ಉರ್ದುವಿನ ಸುದ್ದಿ ಕಾರ್ಯಕ್ರಮ ‘ಸೈರ್‌ಬೀನ್’ ಕೇಳುತ್ತಿದ್ದರು. ಆಬಿದಿ ಅವರು ಕರಾಚಿಯಲ್ಲೇ ಉಳಿದಿದ್ದರೆ ಅಮೃತಸರ, ಪಾಣಿಪತ್, ಬನಾರಸ್, ಸಾಸಾರಾಮ್‌ಗಳ ಮೇಲೆ ಹಾಯ್ದು ಕೋಲ್ಕತ್ತದವರೆಗೆ ಹೋಗಲು ಸಾಧ್ಯವಿತ್ತೇ? ಎರಡು ದೇಶಗಳು ಪರಸ್ಪರರ ನಾಗರಿಕರಿಗೆ ಕೊಡುತ್ತಿದ್ದ ವೀಸಾದಲ್ಲಿ ಊರಿನ ಹೆಸರುಗಳನ್ನು ನಮೂದಿಸಿರುತ್ತಿದ್ದರು, ಹೋದಲ್ಲೆಲ್ಲ ಪೊಲೀಸ್ ಠಾಣೆಗೆ ವರದಿ ಮಾಡಿಕೊಳ್ಳಬೇಕಿತ್ತು. ಸಿಂಧೂ ನದಿಯದಂತೂ ಇನ್ನೂ ವಿಚಿತ್ರ: ಲಡಾಖಿನಿಂದ ನೀರು ನೇರವಾಗಿ ಬಾಲ್ಟಿಸ್ತಾನಕ್ಕೆ ಹರಿಯುತ್ತದೆ, ಅದರ ಬೆನ್ನು ಹತ್ತಿದ ಮನುಷ್ಯ ನಿಯಂತ್ರಣ ರೇಖೆಯ ಬಳಿ ನಿಂತು, ಹಿಂದಿರುಗಿ, ಬಳಸು ದಾರಿಯಲ್ಲಿ ಆಚೆಯ ದಡವನ್ನು ಸೇರಬೇಕು. ಎರಡೂ ಕಡೆಗೆ ಹೊರಗಿನವರಾದದ್ದರಿಂದಲೇ ಅವರಿಗೆ ಎರಡೂ ಕಡೆಯ ಬಾಗಿಲು ತೆರೆಯಿತು. ವಲಸೆಯನ್ನು ನಷ್ಟವೆಂದು ಹಾಡುವ ಉರ್ದು ಬರಹದ ರಾಶಿಯೇ ಇದೆ; ಅದನ್ನು ವೃತ್ತಿಯ ಬಂಡವಾಳ ಮಾಡಿಕೊಂಡವರು ಕಡಿಮೆ.

ಮೈಸೂರಿನ ನಿವೃತ್ತ ಪ್ರಸಾರಕ:
ಧಾರವಾಡದವರ ಮಾತಿಗೆ ಉತ್ತರಿಸಬೇಕಿದೆ. ಬಾನುಲಿಗೆ ಬರೆಯುವವನಿಗೆ ಕೇಳುಗ ಹಿಂದಿನ ಸಾಲಿಗೆ ತಿರುಗಿ ಹೋಗಲಾರ ಎಂಬ ಎಚ್ಚರ ಸದಾ ಇರಬೇಕಾಗುತ್ತದೆ. ಶಾರ್ಟ್‌ವೇವ್‌ನಲ್ಲಿ ದನಿ ಏರಿಳಿಯುತ್ತ, ನಡುನಡುವೆ ಕರಗಿಯೇ ಹೋಗುತ್ತದೆ. ಒಂದು ವಾಕ್ಯದ ಕ್ರಿಯಾಪದ ಆ ಹೊತ್ತಿನಲ್ಲಿ ಮುಳುಗಿದರೆ ಇಡೀ ವಾಕ್ಯವೇ ಹೋಯಿತು. ಆದ್ದರಿಂದ ಉರ್ದುವಿನ ಪಾರಸಿ ಸಮಾಸಗಳ ಉದ್ದನೆಯ ಸರಪಳಿಯನ್ನು ಕಳಚಿ, ಒಂದು ವಾಕ್ಯಕ್ಕೆ ಒಂದೇ ಸಂಗತಿಯನ್ನು ಹೊರಿಸಿ, ಹೆಸರನ್ನು ಮತ್ತೊಮ್ಮೆ ಹೇಳಿ ಬರೆಯಬೇಕಾಗುತ್ತದೆ. ಲಾಹೋರಿನ ಅಂಗಡಿಯವನಿಗೂ ಪಟ್ನಾದ ಹಿಂದಿ ಓದುಗನಿಗೂ ಒಮ್ಮೆಗೇ ಅರ್ಥವಾಗುವ ಉರ್ದು ಹುಟ್ಟುವುದು ಇಂಥ ಶಿಸ್ತಿನಿಂದ. ತಾವು ಮಿತಿಯೆನ್ನುವ ಆ ಹಿಂದೆ ಸರಿಯುವಿಕೆಯೂ ಶೈಲಿಯೇ: ಯಾರನ್ನು ಎಷ್ಟು ಹೊತ್ತು ಮಾತನಾಡಲು ಬಿಡಬೇಕು, ಎಲ್ಲಿ ಕತ್ತರಿಸಬೇಕು ಎಂಬ ಆಯ್ಕೆಯಲ್ಲಿ ಲೇಖಕ ಇದ್ದೇ ಇರುತ್ತಾನೆ. (1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಮ್ಮೂರಿನಲ್ಲಿ ಬಾನುಲಿ ಆರಂಭಿಸಿದ ಕಾಲದಿಂದಲೂ ಕನ್ನಡದಲ್ಲಿ ಈ ಬಗೆಯ ಬರವಣಿಗೆ ನಡೆದಿದೆ. ಅದನ್ನು ವಿಮರ್ಶಕರು ಗಣನೆಗೆ ತಂದುಕೊಂಡದ್ದು ಅಪರೂಪ.)

ಧಾರವಾಡದ ಕೇಳುಗ:
ಶಿಸ್ತಿನ ವಿಷಯದಲ್ಲಿ ತಕರಾರಿಲ್ಲ, ಸರ್. ಆದರೆ ಬಾನುಲಿಗೆ ದುಡಿದವರೆಲ್ಲರೂ ಬಾನುಲಿಗೆ ಕಟ್ಟುಬಿದ್ದಿರಲಿಲ್ಲ. ಉರ್ದು ಕವಿ ನೂನ್ ಮೀಮ್ ರಾಶಿದ್ ಅವರು ಆಲ್ ಇಂಡಿಯಾ ರೇಡಿಯೊದಲ್ಲಿ, ಬಳಿಕ ರೇಡಿಯೊ ಪಾಕಿಸ್ತಾನದಲ್ಲಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ, 1975ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕಾವ್ಯ ಒಂದೇ ಕೇಳ್ಮೆಗೆ ದಕ್ಕುವಂಥದ್ದಲ್ಲ, ದಕ್ಕಬೇಕೆಂಬ ಹಂಬಲವೂ ಅದಕ್ಕಿರಲಿಲ್ಲ. ಸಂಬಳದ ಭಾಷೆ ಬೇರೆ, ಬರವಣಿಗೆಯ ಭಾಷೆ ಬೇರೆ ಎಂದು ಅವರು ಇಟ್ಟುಕೊಂಡರು. ಆಬಿದಿ ಅವರು ಎರಡನ್ನೂ ಒಂದಾಗಿಸಿದರು. ನನ್ನ ಒಲವು ರಾಶಿದ್ ಅವರ ಕಡೆಗೆ.

ಇತಿಹಾಸದ ವಿದ್ಯಾರ್ಥಿನಿ:
ಆ ಒಲವು ಕವಿಗೆ ಸಲ್ಲುತ್ತದೆ, ಗದ್ಯಕಾರರನ್ನು ಅಳೆಯಲು ಅದು ಸಾಲದು. ಸಂಸ್ಥೆಯ ಬಗ್ಗೆ ನಾನೆತ್ತಿದ ಆಕ್ಷೇಪವನ್ನು ಬಿಟ್ಟುಕೊಡದೆಯೇ ಇನ್ನೊಂದು ಪುಸ್ತಕದ ಕಡೆ ಗಮನ ಸೆಳೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾಗಿ ಲಂಡನ್ನಿನ ಗ್ರಂಥಾಲಯವನ್ನು ಸೇರಿದ ಉರ್ದು ಪುಸ್ತಕಗಳನ್ನು ಆಬಿದಿ ಅವರು ‘ಕಿತಾಬೇಂ ಅಪನೇ ಆಬಾ ಕೀ’ಯಲ್ಲಿ ಪರಿಚಯಿಸಿದ್ದಾರೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಇಲ್ಲಿ ಅಚ್ಚಾದ ಪ್ರತಿ ಪುಸ್ತಕವೂ ಸರ್ಕಾರದ ಪಟ್ಟಿಗೆ ಸೇರಬೇಕಿತ್ತು, ಆ ಪಟ್ಟಿ ನೋಡಿ ಲಂಡನ್ನಿಗೆ ಪ್ರತಿಗಳನ್ನು ತರಿಸಿಕೊಳ್ಳುತ್ತಿದ್ದರು. ಕನ್ನಡವೂ ಇದಕ್ಕೆ ಹೊರತಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕನ್ನಡ ಪುಸ್ತಕಗಳ ಸೂಚಿಯನ್ನು ವಿದ್ವಾಂಸ ಎಲ್. ಡಿ. ಬಾರ್ನೆಟ್ 1910ರಲ್ಲೇ ಪ್ರಕಟಿಸಿದ್ದ. ಪ್ರಜೆಗಳ ಮೇಲೆ ಕಣ್ಣಿಡಲು ಮಾಡಿದ ಪಟ್ಟಿಯಿಂದ ಬೆಳೆದ ಸಂಗ್ರಹವನ್ನು, ಆ ಪ್ರಜೆಗಳ ಕುಲದ ವಲಸಿಗನೊಬ್ಬ ಕುಳಿತು ಓದಿ, ಇಲ್ಲಿನ ಸಾಮಾನ್ಯ ಓದುಗರಿಗೆ ಕಥೆಯಂತೆ ಹೇಳಿದ. ಅಲ್ಲಿ ಮೈಕಿಲ್ಲ, ರಸ್ತೆಯಿಲ್ಲ, ಲಾರಿಯ ಹಾರ್ನಿಲ್ಲ. ಧಾರವಾಡದವರು ಆ ಪುಸ್ತಕವನ್ನು ಓದಿದ ಮೇಲೂ ಇದು ಬರೀ ವರದಿ ಎಂದರೆ ಆಗ ವಾದವನ್ನು ಮುಂದುವರಿಸೋಣ.