ಸೀಳು ಬಿಟ್ಟ ಅಕೂಸ್ಟಿಕ್ ಗಿಟಾರ್: ಹಳೇ ಪಾಲಿಶ್ ಪೂರ್ತಿ ಕಿತ್ತು ಹೊಸದು ಹಾಕಲಾ?

ಆರುತಂತಿ:

ಎಲ್ಲರಿಗೂ ನಮಸ್ಕಾರ. ಅಣ್ಣ ವರ್ಷಗಟ್ಟಲೆ ನುಡಿಸಿದ ಗಿಟಾರ್ ಈಗ ನನ್ನ ಹತ್ತಿರ ಇದೆ. ಬೀರುವಿನ ಮೇಲಿಂದ ಇಳಿಸುವಾಗ ಕೈಜಾರಿ ಬಿತ್ತು. ಮುಂದಿನ ಹಲಗೆಯಲ್ಲಿ, ತಂತಿಗಳ ಬುಡ ಹಿಡಿದಿಡುವ ಮರದ ಪಟ್ಟಿಯಾದ ಬ್ರಿಡ್ಜ್‌ನಿಂದ ಕೆಳಗಿನ ಅಂಚಿನ ಕಡೆಗೆ ಸುಮಾರು 12 ಸೆಂಟಿಮೀಟರ್ ಸೀಳು ಬಿಟ್ಟಿದೆ, ಒಂದು ಕಡೆ ಉಗುರಿನ ತುದಿ ಹೋಗುವಷ್ಟು ಬಾಯಿ ತೆರೆದಿದೆ. ಬ್ರಿಡ್ಜ್ ಹಿಂದಿನ ಅಂಚೂ ಎದ್ದ ಹಾಗೆ ಕಾಣುತ್ತದೆ. ಅದರ ಜೊತೆಗೆ ಮೈತುಂಬಾ ಗೀರು, ಸೌಂಡ್ ಹೋಲ್ (ಹಲಗೆಯ ನಡುವಿನ ದೊಡ್ಡ ತೂತು) ಪಕ್ಕದಲ್ಲಿ ಅಣ್ಣನ ಕೈ ಉಜ್ಜಿ ಉಜ್ಜಿ ಪಾಲಿಶ್ ಹೋಗಿ ಬರೀ ಮರ ಕಾಣುತ್ತಿದೆ.

ನನ್ನ ಯೋಚನೆ ಇಷ್ಟು: ಸೀಳಿಗೆ ಅಂಟು ತುಂಬಿ, ಇಡೀ ಗಿಟಾರನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಹೊಸದಾಗಿ ವಾರ್ನಿಷ್ ಹೊಡೆಯೋದು. ಮನೆಯ ಮೇಜು ಕುರ್ಚಿಗೆಲ್ಲ ಪಾಲಿಶ್ ಮಾಡಿದ ಅನುಭವ ಇದೆ, ಗಿಟಾರ್ ಮುಟ್ಟಿದ್ದಿಲ್ಲ. ಯಾವ ಅಂಟು ತಗೊಳ್ಳಲಿ? ಉಜ್ಜೋಕೆ ಎಷ್ಟು ನಂಬರ್ ಪೇಪರ್‌ನಿಂದ ಶುರು ಮಾಡಲಿ?

ಮರದೆಳೆ:

ಸ್ಯಾಂಡ್ ಪೇಪರ್ ಆ ಕಡೆ ಎತ್ತಿಡಿ. ಮೊದಲು ತಂತಿ ಎಲ್ಲಾ ಸಡಿಲ ಮಾಡಿ, ಈಗಲೇ. ಆರು ಸ್ಟೀಲ್ ತಂತಿ ಶ್ರುತಿಯಲ್ಲಿದ್ದರೆ ಹಲಗೆಯ ಮೇಲೆ 70 ಕೆಜಿ ಆಸುಪಾಸಿನ ಎಳೆತ ಬೀಳುತ್ತದೆ. ಸೀಳಿದ ಹಲಗೆಗೆ ಅದು ತಡೆಯೋಲ್ಲ, ಎದ್ದ ಬ್ರಿಡ್ಜ್ ಅಂತೂ ಒಂದು ರಾತ್ರಿ ತಾನಾಗಿ ಕಿತ್ತು ಬರಬಹುದು, ಬರುವಾಗ ಹಲಗೆಯ ಎಳೆಗಳನ್ನೂ ಹರಿದುಕೊಂಡು ಬರುತ್ತದೆ.

ಆಮೇಲೆ ಸೌಂಡ್ ಹೋಲ್ ಒಳಗೆ ಸಣ್ಣ ಟಾರ್ಚ್ ಹಾಕಿ, ಕೋಣೆಯ ದೀಪ ಆರಿಸಿ ನೋಡಿ. ಸೀಳು ಆರಪಾರ ಇದ್ದರೆ ಬೆಳಕಿನ ಗೆರೆ ಕಾಣುತ್ತದೆ. ಒಳಗಡೆ ಒಂದು ಸಣ್ಣ ಕನ್ನಡಿ ಇಟ್ಟು, ಹಲಗೆಗೆ ಒಳಗಿಂದ ಆಸರೆ ಕೊಡುವ ಮರದ ಪಟ್ಟಿಗಳನ್ನು, ಅಂದರೆ ಬ್ರೇಸ್‌ಗಳನ್ನೂ ನೋಡಬೇಕು. ಬಿದ್ದ ಗಿಟಾರಿನಲ್ಲಿ ಸೀಳಿನ ಹತ್ತಿರದ ಬ್ರೇಸ್ ಬಿಟ್ಟುಕೊಂಡಿರೋದು ತುಂಬಾ ಸಾಮಾನ್ಯ. ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿ ನೋಡಿ, ಬಿಟ್ಟ ಕಡೆ ಗರಗರ ಅಂತ ಒಡಕು ಸದ್ದು ಬರುತ್ತೆ. ಬ್ರಿಡ್ಜ್ ಹಿಂದೆ ಒಂದು ತೆಳು ಕಾಗದ ತೂರಿಸಿ. ಒಂದೆರಡು ಮಿಲಿಮೀಟರ್ ಮಾತ್ರ ಹೋದರೆ ಸದ್ಯಕ್ಕೆ ಭಯವಿಲ್ಲ, ಅದಕ್ಕಿಂತ ಒಳಗೆ ಹೋದರೆ ಬ್ರಿಡ್ಜ್ ತೆಗೆದೇ ಅಂಟಿಸಬೇಕು.

ಇನ್ನೊಂದು ವಿಷಯ, ಇದನ್ನು ಹೊಸಬರು ಬಿಟ್ಟುಬಿಡುತ್ತಾರೆ: ಬಾಯಿ ತೆರೆದ ಸೀಳನ್ನು ಅಂಟಿನಿಂದ ತುಂಬಬಾರದು. ಬೀರುವಿನ ಮೇಲೆ ಒಣಗಿ ಮರ ಕುಗ್ಗಿರುತ್ತದೆ, ಬಾಯಿ ತೆರೆದಿರೋದು ಅದಕ್ಕೇ. ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜ್ ಹಿಂಡಿ ಅದರಲ್ಲಿಟ್ಟು, ಗಿಟಾರ್ ಜೊತೆ ಕೇಸ್ ಒಳಗೆ ಮುಚ್ಚಿಡಿ. ನೀರು ಮರಕ್ಕೆ ತಾಗಬಾರದು. ತೇವಾಂಶ 45ರಿಂದ 50 ಪ್ರತಿಶತ ಹತ್ತಿರ ನಿಂತರೆ ಒಂದು ವಾರ ಹತ್ತು ದಿನದಲ್ಲಿ ಎರಡು ಅಂಚು ತಾವಾಗಿಯೇ ಹತ್ತಿರ ಬರುತ್ತವೆ. ಬಂದ ಮೇಲೆಯೇ ಅಂಟು.

ಸಂಜೆನಾದ:

ಇಷ್ಟೆಲ್ಲಾ ಯಾಕೆ? ನಾನು ಇಂಥದೇ ಸೀಳಿಗೆ ಸೂಪರ್ ಗ್ಲೂ ಹಾಕಿದ್ದೆ. ನೀರಿನ ಹಾಗೆ ಒಳಗೆ ಇಳಿಯಿತು, ಎರಡು ನಿಮಿಷದಲ್ಲಿ ಹಿಡಿಯಿತು. ಮೂರು ವರ್ಷ ಆಯ್ತು, ಚೆನ್ನಾಗಿದೆ.

ಮರದೆಳೆ:

ಸಂಜೆನಾದ ಅವರೇ, ನಿಮ್ಮದು ನಿಂತಿದೆ ಅಂದರೆ ಸಂತೋಷ. ಕೂದಲೆಳೆಯಷ್ಟು ಸಣ್ಣ, ಅಲುಗದ ಬಿರುಕಿಗೆ ಅನುಭವಸ್ಥರೂ ಅದನ್ನು ಬಳಸುತ್ತಾರೆ. ಆದರೆ ಗಿಟಾರಿನ ಮುಂದಿನ ಹಲಗೆಗೆ ಸಾಮಾನ್ಯವಾಗಿ ಬಳಸುವ ಬಿಳಿ ಸ್ಪ್ರೂಸ್ ಮರದಲ್ಲಿ ಅದು ಹರಡಿ ಕಂದು ಕಲೆ ಮಾಡುತ್ತೆ, ಒಂದು ಸಲ ಎಳೆಯೊಳಗೆ ಕೂತರೆ ತೆಗೆಯೋಕೆ ಆಗಲ್ಲ, ಮುಂದೆ ಅಲ್ಲೇ ಮತ್ತೆ ಬಿಟ್ಟರೆ ಮರದಂಟು ಸರಿಯಾಗಿ ಹಿಡಿಯಲ್ಲ. ಇವರದು ಅಣ್ಣನ ಗಿಟಾರ್, 12 ಸೆಂಟಿಮೀಟರ್ ಸೀಳು. ಇದಕ್ಕೆ ಬಿಸಿ ಮಾಡಿ ಬಳಸುವ ಚರ್ಮದಂಟು ಅಥವಾ ಒಳ್ಳೆ ಮರದಂಟು ಸಾಕು. ಎಪಾಕ್ಸಿ ಬೇಡ.

ಅಂಟನ್ನು ಸೀಳಿನ ಮೇಲೆ ಬಿಟ್ಟು, ಒಂದು ಕೈ ಸೌಂಡ್ ಹೋಲ್‌ನಿಂದ ಒಳಗೆ ಹಾಕಿ ಹಲಗೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಇನ್ನೊಂದು ಕೈಯ ಬೆರಳಿನಿಂದ ಉಜ್ಜಿ ಒಳಗೆ ಇಳಿಸಬೇಕು. ಒಳಗಡೆ ಅಂಟು ಸಾಲಾಗಿ ಬೆವರಿದ ಹಾಗೆ ಬೆರಳಿಗೆ ಸಿಕ್ಕಿದರೆ ಇಳಿದಿದೆ ಅಂತ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು, ಒಳಗೂ ಹೊರಗೂ ಚಪ್ಪಟೆ ಮರದ ತುಂಡು ಕೊಟ್ಟು ಒತ್ತಿ. ಎರಡು ಅಂಚು ಒಂದೇ ಮಟ್ಟದಲ್ಲಿ ಇರಬೇಕು. ಕಣ್ಣಿಗಿಂತ ಉಗುರು ಸರಿಯಾಗಿ ಹೇಳುತ್ತದೆ, ಅಡ್ಡಡ್ಡ ಎಳೆದು ನೋಡಿ.

ಮಾರನೇ ದಿನ ಒಳಗಡೆ ಸೀಳಿನ ಉದ್ದಕ್ಕೂ ನಾಲ್ಕೈದು ಸೆಂಟಿಮೀಟರ್‌ಗೆ ಒಂದರಂತೆ ಸ್ಪ್ರೂಸ್ ಚೂರು ಅಂಟಿಸಿ, ಸುಮಾರು 2 ಮಿಲಿಮೀಟರ್ ದಪ್ಪ, ಬೆರಳುಗುರಿನಷ್ಟು ಅಗಲ. ಚೂರಿನ ಎಳೆ ಸೀಳಿಗೆ ಅಡ್ಡ ಇರಬೇಕು. ಉದ್ದಕ್ಕೆ ಹಾಕಿದರೆ ಹಲಗೆಯ ಜೊತೆ ಅದೂ ಸೀಳುತ್ತೆ.

ಬ್ರಿಡ್ಜ್ ತೆಗೆಯೋದಾದರೆ ಮೊದಲು ಅದರ ಸುತ್ತ ಚೂಪು ಬ್ಲೇಡಿನಿಂದ ಪಾಲಿಶ್ ಮಟ್ಟಿಗೆ ಮಾತ್ರ ಗೆರೆ ಎಳೆಯಿರಿ. ಸುತ್ತಲೂ ರಟ್ಟು ಮತ್ತು ಅಲ್ಯೂಮಿನಿಯಂ ಹಾಳೆ ಮುಚ್ಚಿ, ಇಸ್ತ್ರಿ ಪೆಟ್ಟಿಗೆಯಿಂದ ಬ್ರಿಡ್ಜ್‌ಗೆ ಬಿಸಿ ಕೊಟ್ಟು, ತೆಳು ಚಪ್ಪಟೆ ಅಲಗು ತೂರಿಸುತ್ತಾ ಬನ್ನಿ. ಬಲ ಹಾಕಬೇಡಿ, ಬಿಗಿಯಾದ ಕಡೆ ಮತ್ತೆ ಬಿಸಿ ಮಾಡಿ. ವಾಪಸ್ ಅಂಟಿಸುವಾಗ ಎರಡೂ ಕಡೆ ಹಳೇ ಅಂಟು ಕೆರೆದು ಬರೀ ಮರಕ್ಕೆ ಬರೀ ಮರ ತಾಗಬೇಕು. ಒಂದು ಮಿಲಿಮೀಟರ್ ಸರಿದರೂ ಶ್ರುತಿ ಕೆಡುತ್ತದೆ, ಹಾಗಾಗಿ ಬ್ರಿಡ್ಜ್‌ನಲ್ಲಿ ತಂತಿ ಸಿಕ್ಕಿಸುವ ಪಿನ್ ತೂತುಗಳಲ್ಲಿ ಎರಡು ತುದಿಯವಕ್ಕೆ ಕಡ್ಡಿ ಸಿಕ್ಕಿಸಿ ಜಾಗ ಹಿಡಿದುಕೊಳ್ಳಿ. 24 ಗಂಟೆ ಕ್ಲಾಂಪ್, ತಂತಿಗೆ ಇನ್ನೂ ಎರಡು ದಿನ ಕಾಯಿರಿ.

ಆರುತಂತಿ:

ತುಂಬಾ ಥ್ಯಾಂಕ್ಸ್. ತಂತಿ ಸಡಿಲ ಮಾಡಿದೆ. ಕಾಗದ 6 ಮಿಲಿಮೀಟರ್ ಒಳಗೆ ಹೋಯಿತು! ಹಾಗಾದರೆ ಪಾಲಿಶ್ ಕಥೆ ಏನು? ಸೀಳಿನ ಜಾಗ ಕಾಣುತ್ತಲ್ವಾ?

ಹೊಳಪು:

ಪಾಲಿಶ್ ಬಗ್ಗೆ ನಾನು ಹೇಳ್ತೀನಿ. ಮೇಜಿನ ಹಲಗೆ ದಪ್ಪ, ಎಷ್ಟು ಉಜ್ಜಿದರೂ ನಡೆಯುತ್ತೆ. ಗಿಟಾರಿನ ಮುಂದಿನ ಹಲಗೆ ಇಡೀ ದಪ್ಪವೇ ಸುಮಾರು 3 ಮಿಲಿಮೀಟರ್. ಅರ್ಧ ಮಿಲಿಮೀಟರ್ ಉಜ್ಜಿ ಹಾಕಿದರೆ ಹಲಗೆ ದುರ್ಬಲ ಆಯಿತು ಅಂತಲೇ ಅರ್ಥ. ಪ್ಲೈವುಡ್ ಹಲಗೆ ಆಗಿದ್ದರೆ ಮೇಲಿನ ಪದರ ಹರಿದು ಅಡ್ಡ ಎಳೆ ಹೊರಗೆ ಬರುತ್ತೆ, ಅದಕ್ಕೆ ಮದ್ದಿಲ್ಲ. ಸೌಂಡ್ ಹೋಲ್ ಅಂಚು ನೋಡಿ: ಮೇಲಿನ ಎಳೆಗಳು ಅಂಚಿನಲ್ಲಿ ನೇರ ಕೆಳಗೆ ಇಳಿದರೆ ಒಂದೇ ಮರ, ಪದರ ಪದರ ಕಂಡರೆ ಪ್ಲೈವುಡ್.

ಈಗ ಇರುವ ಪಾಲಿಶ್ ಯಾವುದು ಅಂತ ತಿಳಿಯದೆ ಮೇಲೆ ಏನೂ ಹಚ್ಚಬೇಡಿ. ಕಣ್ಣಿಗೆ ಬೀಳದ ಜಾಗದಲ್ಲಿ, ಬೆಲ್ಟ್ ಗುಂಡಿಯ ಕೆಳಗೆ ಅಂದುಕೊಳ್ಳಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಸ್ಪಿರಿಟ್ ಒಂದು ಹನಿ. ಜಿಗುಟಾದರೆ ಅರಗಿನ ಪಾಲಿಶ್, ಅಂದರೆ ಶೆಲ್ಲಾಕ್. ಆಗಲಿಲ್ಲ ಅಂದರೆ ಲ್ಯಾಕರ್ ಥಿನ್ನರ್ ಒಂದು ಹನಿ, ಅದಕ್ಕೆ ಮೆತ್ತಗಾದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಚಿಕ್ಕದಾಗಿ ನೈಟ್ರೋ. ಎರಡಕ್ಕೂ ಜಗ್ಗದಿದ್ದರೆ ಪ್ಲಾಸ್ಟಿಕ್ ಥರದ ಗಟ್ಟಿ ಪಾಲಿಶ್, ಅಂದರೆ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್.

ಯಾವುದೇ ಆಗಲಿ, ಸೀಳಿನ ಗೆರೆಗೆ ಮತ್ತು ಬರಿಮರಕ್ಕೆ ತೆಳು ಶೆಲ್ಲಾಕ್ ಸಾಕು. 100 ಮಿಲಿಲೀಟರ್ ಸ್ಪಿರಿಟ್‌ಗೆ 12 ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಬಿಡಿ, ಬಟ್ಟೆಯಲ್ಲಿ ಸೋಸಿ. ಹತ್ತಿ ಉಂಡೆಗೆ ಹಳೇ ಬನಿಯನ್ ಬಟ್ಟೆ ಸುತ್ತಿ, ಅದ್ದಿ, ಕಾಗದದ ಮೇಲೆ ಒತ್ತಿ ಜಾಸ್ತಿ ಇದ್ದಿದ್ದನ್ನು ತೆಗೆಯಿರಿ. ಬಟ್ಟೆ ತಾಗುವ ಮುಂಚೆಯೇ ಕೈ ಚಲಿಸುತ್ತಿರಬೇಕು, ಎತ್ತುವಾಗಲೂ ಹಾಗೇ. ಒಂದು ಕ್ಷಣ ನಿಂತರೂ ಬಟ್ಟೆ ಅಂಟಿಕೊಂಡು ಕೆಳಗಿನ ಪದರ ಕಿತ್ತು ಬರುತ್ತೆ. ಮೂರು ನಾಲ್ಕು ಸಲ ಎಳೆದು ನಿಲ್ಲಿಸಿ, ಮಾರನೇ ದಿನ ಮತ್ತೆ. ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಹಚ್ಚಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ, ಅಂಥ ದಿನ ಸುಮ್ನೆ ಬಿಡಿ.

ಗೆರೆ ಸ್ವಲ್ಪ ಕಾಣುತ್ತದೆ, ಹೌದು. ಕಾಣಲಿ ಬಿಡಿ, ಪೂರ್ತಿ ಉಜ್ಜಿ ಸದ್ದು ಕೆಡಿಸೋದಕ್ಕಿಂತ ಅದು ಎಷ್ಟೋ ಮೇಲು.

ಆರುತಂತಿ:

ಮೂರು ವಾರ ಆಯ್ತು, ಹೇಳೋಣ ಅಂತ ಬಂದೆ. ಒಂಬತ್ತನೇ ದಿನಕ್ಕೆ ಸೀಳು ಮುಚ್ಚಿಕೊಂಡಿತು, ಉಗುರು ಹೋಗುತ್ತಿದ್ದ ಜಾಗದಲ್ಲಿ ಕಾಗದವೂ ಹೋಗಲಿಲ್ಲ! ಕನ್ನಡಿಯಲ್ಲಿ ಒಂದು ಬ್ರೇಸ್ ತುದಿ ಬಿಟ್ಟಿದ್ದು ಸಿಕ್ಕಿತು, ಅದನ್ನೂ ಅಂಟಿಸಿದೆ. ಒಳಗೆ ಮೂರು ಚೂರು ಹಾಕಿದೆ. ಬ್ರಿಡ್ಜ್ ಬಿಡಿಸೋಕೆ ಸುಮಾರು ಎರಡು ಗಂಟೆ ಹಿಡಿಯಿತು, ಒಂದು ಕಡೆ ಸ್ವಲ್ಪ ಎಳೆ ಎದ್ದಿತ್ತು, ಅಲ್ಲೇ ಅಂಟು ಹಾಕಿ ಕೂರಿಸಿದೆ. ಪಾಲಿಶ್ ನೈಟ್ರೋ ಅಂತ ಗೊತ್ತಾಯಿತು. ಸೀಳಿನ ಗೆರೆಗೆ ಮಾತ್ರ ಶೆಲ್ಲಾಕ್ ಎಳೆದೆ. ಸೌಂಡ್ ಹೋಲ್ ಪಕ್ಕ ಅಣ್ಣನ ಕೈ ಉಜ್ಜಿದ ಜಾಗ ಹಾಗೇ ಬಿಟ್ಟಿದ್ದೇನೆ, ಅಲ್ಲಿ ಬಟ್ಟೆ ಇಡೋಕೆ ಮನಸ್ಸು ಬರಲಿಲ್ಲ.

ಭಾನುವಾರ ಅಣ್ಣ ಬರುತ್ತಾನೆ. ಹೊಸ ತಂತಿ ತಂದಿಟ್ಟಿದ್ದೇನೆ, ಅವನೇ ಹಾಕಲಿ ಅಂತ.