ಪದಚರ್ಚೆ: ‘ಯೋಜನೆ’ಗಳು ಸೇರಿ ಸಂಘ ಕಟ್ಟಿಕೊಳ್ಳುತ್ತವೆಯೇ?

ಬಳಗದ ಎಲ್ಲರಿಗೂ ಸಿಂಧನೂರಿನಿಂದ ನಮಸ್ಕಾರ.

ಒಂದೇ ಒಂದು ವಾಕ್ಯದ ಹಿಂದೆ ಬಿದ್ದು ಎಂಟು ದಿನವಾಯಿತು. ನಮ್ಮ ಕಡೆಯ ಒಂದು ಸೊಸೈಟಿಯವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು ಮಾಡಿಸಿಕೊಡುವ ಕೆಲಸ ಅವರದೇ. ಹಾಗಾಗಿ ‘ಬೇರೆ ದೇಶದಾಗ ಬಡವರ ದವಾಖಾನಿ ಖರ್ಚು ಯಾರು ನೋಡ್ಕೋತಾರ, ನಾಕು ಪುಟ ಬರ್ದು ಕೊಡ್ರಿ ಮೇಡಂ’ ಅಂದರು ಸೆಕ್ರೆಟರಿ. ನಾನು ಅಮೆರಿಕವನ್ನು ಆರಿಸಿಕೊಂಡೆ. ಅಲ್ಲಿ ಬಡವರ ಆರೋಗ್ಯ ವಿಮೆ ನಡೆಸುವ ಸಂಸ್ಥೆಗಳು ಸೇರಿ ಕಟ್ಟಿಕೊಂಡ, ಅಸೋಸಿಯೇಷನ್ ಫಾರ್ ಕಮ್ಯುನಿಟಿ ಅಫಿಲಿಯೇಟೆಡ್ ಪ್ಲಾನ್ಸ್ ಅಂತ ಒಂದು ಸಂಘ ಇದೆ. 2000ರಲ್ಲಿ ಶುರುವಾದದ್ದು, ಕಚೇರಿ ವಾಷಿಂಗ್ಟನ್‌ನಲ್ಲಿ. ಅದರ ಮೊದಲ ಸಿಇಒ ಮಾರ್ಗರೆಟ್ ಮರ್ರೆ. ಅದಕ್ಕೂ ಮುಂಚೆ ನ್ಯೂಜೆರ್ಸಿ ರಾಜ್ಯದಲ್ಲಿ ಮೆಡಿಕೈಡ್, ಅಂದರೆ ಬಡವರ ಸರ್ಕಾರಿ ಆರೋಗ್ಯ ವಿಮೆಯ ನಿರ್ದೇಶಕಿಯಾಗಿದ್ದವರು. 2001ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಈ ಸಂಘವನ್ನು ನಡೆಸಿದರು.

ಅವರನ್ನು ಪರಿಚಯಿಸುವ ಮೊದಲ ವಾಕ್ಯವನ್ನು ನಾನು ಹೀಗೆ ಬರೆದೆ: ‘ಇವರು ಲಾಭರಹಿತ ಸಮುದಾಯ ಆರೋಗ್ಯ ವಿಮಾ ಯೋಜನೆಗಳ ರಾಷ್ಟ್ರೀಯ ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿ.’

ವ್ಯಾಕರಣದಲ್ಲಿ ತಪ್ಪಿಲ್ಲ. ಪತ್ರಿಕೆಗಳಲ್ಲಿ ದಿನಾ ಇಂಥದ್ದೇ ಓದುತ್ತೇವೆ. ಆದರೆ ಸೆಕ್ರೆಟರಿ ಓದಿ ಮೂರು ಪ್ರಶ್ನೆ ಕೇಳಿದರು. ‘ಲಾಭಿಲ್ಲಂದ್ರ ಯಾಕ ಮಾಡಸ್ಬೇಕ್ರಿ ಅದನ್ನ?’ ‘ಯಾವ ಸಮುದಾಯದವರದ್ರಿ ಇದು?’ ‘ಯೋಜನೆಗಳು ಹೆಂಗ ಸಂಘ ಮಾಡ್ಕೋತಾವ್ರಿ?’ ಮೂರಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೂರನೆಯದರಿಂದ ಶುರು ಮಾಡುತ್ತೇನೆ, ಅದೇ ಗಟ್ಟಿ ಕಾಳು. ನಮ್ಮಲ್ಲಿ ‘ಯೋಜನೆ’ ಅಂದರೆ ಸರ್ಕಾರ ತರುವಂಥದ್ದು. ಪಂಚವಾರ್ಷಿಕ ಯೋಜನೆಯ ಕಾಲದಿಂದಲೂ ಅಷ್ಟೇ. ಇಂಗ್ಲಿಷಿನ ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರೂ ಕನ್ನಡದಲ್ಲಿ ಇದೊಂದೇ ಪದದ ಮೇಲೆ ಬಂದು ಕೂತಿವೆ. ತುಂಗಭದ್ರಾ ಯೋಜನೆ ಅಂದರೆ ಡ್ಯಾಮು ಕಾಲುವೆ, ಗೃಹಲಕ್ಷ್ಮಿ ಯೋಜನೆ ಅಂದರೆ ಖಾತೆಗೆ ಬೀಳುವ ದುಡ್ಡು. ಅಮೆರಿಕದ ಆರೋಗ್ಯ ವಿಮೆಯ ಮಾತಿನಲ್ಲಿ ‘ಪ್ಲಾನ್’ ಅಂದರೆ ಎರಡು ಅರ್ಥ. ನೀವು ತೆಗೆದುಕೊಂಡ ವಿಮೆಯೂ ಪ್ಲಾನೇ, ಅದನ್ನು ನಡೆಸುವ ಸಂಸ್ಥೆಯೂ ಪ್ಲಾನೇ. ಆ ಪ್ಲಾನಿಗೆ ಕಚೇರಿ ಇರುತ್ತದೆ, ನೌಕರರು ಇರುತ್ತಾರೆ, ಆಸ್ಪತ್ರೆಗಳ ಜೊತೆ ಅದು ದರ ಮಾತಾಡುತ್ತದೆ, ಸರ್ಕಾರದ ಜೊತೆ ಕರಾರು ಮಾಡಿಕೊಳ್ಳುತ್ತದೆ. ನಮ್ಮ ಯೋಜನೆ ಇದ್ಯಾವುದನ್ನೂ ಮಾಡುವುದಿಲ್ಲ. ‘ಯೋಜನೆಗಳ ಸಂಘ’ ಅಂದರೆ ಅನ್ನಭಾಗ್ಯ, ಗೃಹಲಕ್ಷ್ಮಿ, ಶಕ್ತಿ ಮೂರೂ ಸೇರಿ ಚಹಾ ಕುಡಿಯುತ್ತಾ ಅಧ್ಯಕ್ಷರನ್ನು ಆರಿಸಿದ ಹಾಗೆ ಕೇಳಿಸುತ್ತದೆ, ಅಲ್ವಾ?

ನಮ್ಮಲ್ಲಿ ಈ ಎರಡು ಅರ್ಥಕ್ಕೆ ಎರಡು ಪದ ಇವೆ. ಯಶಸ್ವಿನಿ ಒಂದು ಯೋಜನೆ, ಅದನ್ನು ನಡೆಸುವುದು ಒಂದು ಟ್ರಸ್ಟ್. 2010ರಲ್ಲಿ ಬಡವರಿಗಾಗಿ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ನಮ್ಮ ಕಲಬುರಗಿ ವಿಭಾಗಕ್ಕೇ. ಅದರ ಹಿಂದೆಯೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇತ್ತು. ಆದರೆ ಜನ ಟ್ರಸ್ಟ್ ಅನ್ನುವುದಿಲ್ಲ. ಅವರು ಏನು ಮಾಡುತ್ತಾರೆ ನೋಡಿ. ‘ಯಶಸ್ವಿನಿಯವರು ಇಷ್ಟೇ ಕೊಡ್ತಾರಂತ’, ‘ಯಶಸ್ವಿನಿಯವರು ಈ ಆಪರೇಷನ್ನಿಗೆ ಒಪ್ಪಂಗಿಲ್ಲಂತ’. ಯೋಜನೆಗೆ ಒಂದು ‘ಅವರು’ ಹಚ್ಚಿದರೆ ಸಾಕು, ಅದು ಸಂಸ್ಥೆಯಾಗಿ ಎದ್ದು ನಿಲ್ಲುತ್ತದೆ. ಎಲ್‌ಐಸಿಯವರು, ಕರೆಂಟಿನವರು, ಫೈನಾನ್ಸಿನವರು, ಎಲ್ಲ ಹೀಗೇ. ಅಮೆರಿಕದವರು ಎರಡರ್ಥ ತುಂಬಿದ್ದು ಪದದಲ್ಲಿ, ನಾವು ತುಂಬಿದ್ದು ಪ್ರತ್ಯಯದಲ್ಲಿ. ಇದು ಹೊಳೆದಾಗ ನನಗೆ ಬಹಳ ಖುಷಿಯಾಯಿತು. ಆದರೆ ಬರಹದಲ್ಲಿ ‘ಆರೋಗ್ಯ ವಿಮೆಯವರ ಸಂಘ’ ಅಂತ ಹಾಕಬಹುದಾ? ಏಜೆಂಟರ ಸಂಘ ಅಂದುಕೊಳ್ಳುತ್ತಾರೇನೋ ಅಂತ ಹೆದರಿಕೆ. ಸದ್ಯಕ್ಕೆ ‘ವಿಮಾ ಸಂಸ್ಥೆ’ ಅಂತ ಬರೆದಿದ್ದೇನೆ. ಸಪ್ಪೆ. ಆದರೆ ಸುಳ್ಳಲ್ಲ.

ಇನ್ನು ‘ಲಾಭರಹಿತ’. ಈ ಪದ ನನಗೆ ಮೊದಲಿಂದಲೂ ಹಿಡಿಸಿಲ್ಲ. ಮಾನರಹಿತ, ಗುಣರಹಿತ, ಲಾಭರಹಿತ! ಏನೋ ಕೊರತೆ ಇದ್ದ ಹಾಗೆ. ಮಾರುಕಟ್ಟೆಯ ಮಾತಿನಲ್ಲಿ ‘ಅದರಾಗ ಏನೂ ಲಾಭಿಲ್ಲ’ ಅಂದರೆ ದಂಡ ಅಂತಲೇ ಅರ್ಥ. ‘ಲಾಭೋದ್ದೇಶವಿಲ್ಲದ’ ಅನ್ನುವುದು ಅರ್ಥದಲ್ಲಿ ಸರಿ, ಆದರೆ ಬಾಯಿಗೆ ಕಲ್ಲು. ಅಷ್ಟಕ್ಕೂ ವಿಷಯ ಉದ್ದೇಶದ್ದೂ ಅಲ್ಲ. ಇಂಥ ಸಂಸ್ಥೆಗಳಲ್ಲಿ ವರ್ಷದ ಕೊನೆಗೆ ದುಡ್ಡು ಉಳಿಯಬಾರದು ಅಂತೇನಿಲ್ಲ. ಉಳಿದದ್ದನ್ನು ಷೇರುದಾರರು ಹಂಚಿಕೊಳ್ಳುವ ಹಾಗಿಲ್ಲ, ಅಷ್ಟೇ. ಅದು ಮತ್ತೆ ಕೆಲಸಕ್ಕೇ ಹೋಗಬೇಕು. ನಮ್ಮ 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಗಳಿಗೂ ಇದೇ ನಿಯಮ. ಅಂದಮೇಲೆ ‘ಲಾಭ ಹಂಚಿಕೊಳ್ಳದ ಸಂಸ್ಥೆ’ ಅನ್ನಬಹುದಲ್ವಾ? ಸೆಕ್ರೆಟರಿಗೆ ಓದಿ ಹೇಳಿದೆ. ‘ಹಂಗಂದ್ರ ಡಿವಿಡೆಂಡ್ ಇಲ್ಲ ಅನ್ರಿ’ ಅಂದರು ಥಟ್ಟನೆ. ಸೊಸೈಟಿಯವರಿಗೆ ಈ ಪದ ನೀರು ಕುಡಿದಷ್ಟು ಸಲೀಸು. ನಾನು ‘ಹಂಚಿಕೊಳ್ಳದ’ದ ಪರ.

‘ಸಮುದಾಯ’ದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಪತ್ರಿಕೆಯಲ್ಲಿ ‘ಸಮುದಾಯದ ಮುಖಂಡರು’ ಅಂದರೆ ಜಾತಿಯ ಮುಖಂಡರು. ಸಮುದಾಯ ಭವನ ಅಂದರೆ ಯಾವ ಸಮುದಾಯದ್ದು ಅಂತ ಬೋರ್ಡೇ ಹೇಳುತ್ತದೆ. ಸಮುದಾಯ ಆರೋಗ್ಯ ಕೇಂದ್ರ ಒಂದು ಮಾತ್ರ ಬಚಾವಾಗಿದೆ. ಅದೂ ಜನರ ಬಾಯಲ್ಲಿ ‘ಸರ್ಕಾರಿ ದವಾಖಾನಿ’ಯೇ. ಅಮೆರಿಕದ ಈ ಸಂಸ್ಥೆಗಳಲ್ಲಿ ಹಲವು ಹುಟ್ಟಿದ್ದು ಬಡವರು ಹೋಗುವ ಊರಿನ ಆರೋಗ್ಯ ಕೇಂದ್ರಗಳು, ಸಾರ್ವಜನಿಕ ಆಸ್ಪತ್ರೆಗಳ ಸುತ್ತ. ದೇಶಕ್ಕೆಲ್ಲ ಒಂದೇ ಕಂಪನಿ ಅನ್ನುವುದಕ್ಕೆ ಎದುರಾಗಿ, ಆಯಾ ಊರಿನದು, ಆಯಾ ಸೀಮೆಯದು ಅಂತ ಅರ್ಥ. ‘ಸ್ಥಳೀಯ’ ಅನ್ನಬಹುದು, ಆದರೆ ಅದು ಸ್ಥಳೀಯ ಸಂಸ್ಥೆ ಚುನಾವಣೆಯ ಕಡೆ ಎಳೆಯುತ್ತದೆ. ‘ಊರೂರಿನ’ ಅಂತ ಬರೆದೆ. ‘ಸೀಮೆಯ’ ಅಂತಲೂ ಯೋಚಿಸಿದ್ದೆ. ಆಮೇಲೆ ಸೀಮೆಎಣ್ಣೆ ನೆನಪಾಯಿತು, ಬಿಟ್ಟೆ.

ಆ ಸಂಘದವರು ತಮ್ಮ ಸದಸ್ಯ ಸಂಸ್ಥೆಗಳನ್ನು ‘ಸೇಫ್ಟಿ ನೆಟ್ ಹೆಲ್ತ್ ಪ್ಲಾನ್ಸ್’ ಅಂತಲೂ ಕರೆಯುತ್ತಾರೆ. ಸರ್ಕಸ್ಸಿನಲ್ಲಿ ಜೋಕಾಲಿಯ ಕೆಳಗೆ ಕಟ್ಟುತ್ತಾರಲ್ಲ, ಆ ಬಲೆ. ಕನ್ನಡದಲ್ಲಿ ‘ಸುರಕ್ಷತಾ ಜಾಲ’ ಅಂತ ಚಾಲ್ತಿಯಲ್ಲಿದೆ. ನನ್ನ ತಕರಾರು ‘ಜಾಲ’ದ ಮೇಲೆ. ನಮ್ಮ ಪತ್ರಿಕೆಗಳಲ್ಲಿ ಜಾಲ ಅಂದರೆ ಪೊಲೀಸರು ಭೇದಿಸುವಂಥದ್ದು: ವಂಚನೆ ಜಾಲ, ಕಳ್ಳಸಾಗಣೆ ಜಾಲ. ಬಲೆ ಅಂದರೆ ಇನ್ನೂ ಕೆಟ್ಟದು, ಲೋಕಾಯುಕ್ತರ ಬಲೆಗೆ ಬೀಳುವುದು. ಬೀಳುವವರನ್ನು ಹಿಡಿದುಕೊಳ್ಳುವ ಬಲೆ ನಮ್ಮ ಅನುಭವದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಬಲೆ ಇರುವುದು ಮೀನಿಗೆ, ಹಕ್ಕಿಗೆ. ‘ಆಸರೆ’ ಅನ್ನೋಣವೇ? ‘ಬಡವರಿಗೆ ಆಸರೆಯಾದ ವಿಮಾ ಸಂಸ್ಥೆಗಳು’. ನನಗೆ ಇದು ಒಪ್ಪಿಗೆ. ಚಿತ್ರ ಹೋಯಿತು, ಅರ್ಥ ಉಳಿಯಿತು. ಚಿತ್ರವೂ ಉಳಿಯುವಂಥ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.

ಎಲ್ಲಕ್ಕಿಂತ ಎಡವಟ್ಟಾದದ್ದು ಹಣದ ಪದ. ಅಮೆರಿಕದ ಮೆಡಿಕೈಡ್ 1965ರ ಕಾನೂನಿನಿಂದ ಬಂದದ್ದು. ಕಡಿಮೆ ಆದಾಯದವರಿಗಾಗಿ ಕೇಂದ್ರ, ರಾಜ್ಯ ಎರಡೂ ಸೇರಿ ಖರ್ಚು ಹಾಕುತ್ತವೆ. ಬಹಳ ರಾಜ್ಯಗಳಲ್ಲಿ ಸರ್ಕಾರ ನೇರವಾಗಿ ಆಸ್ಪತ್ರೆಗೆ ಕೊಡುವುದಿಲ್ಲ. ನಮ್ಮ ಈ ‘ಪ್ಲಾನ್’ಗಳಿಗೆ ತಲೆಗಿಷ್ಟು ಅಂತ ತಿಂಗಳು ತಿಂಗಳು ಕೊಡುತ್ತದೆ. ಆ ತಿಂಗಳು ನೀವು ಆಸ್ಪತ್ರೆಗೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಇದಕ್ಕೆ ಅವರು ‘ಕ್ಯಾಪಿಟೇಶನ್’ ಅನ್ನುತ್ತಾರೆ. ಕರ್ನಾಟಕದಲ್ಲಿ ಈ ಪದ ಹಾಗೇ ಹಾಕಿದರೆ ಮುಗಿಯಿತು! ಕ್ಯಾಪಿಟೇಶನ್ ಅಂದರೆ ನಮಗೆ ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ಕೊಡುವ ಡೊನೇಶನ್. ಅದನ್ನು ತಡೆಯಲು 1984ರಲ್ಲಿ ಕಾನೂನನ್ನೇ ಮಾಡಿದ ರಾಜ್ಯ ನಮ್ಮದು. ಎರಡರ ಬೇರೂ ಲ್ಯಾಟಿನ್ನಿನ ತಲೆಯೇ, ಆದರೆ ಒಂದು ತಲೆಗೆ ಕೊಡುವುದು, ಇನ್ನೊಂದು ತಲೆ ಬೋಳಿಸುವುದು. ‘ತಲೆಗಂದಾಯ’ ಅನ್ನೋಣ ಅಂದರೆ ಅದು ಜನ ಕೊಡುವ ತೆರಿಗೆಯಾಗುತ್ತದೆ. ‘ತಲಾ ಹಣ’ ಅಂತ ಇಟ್ಟಿದ್ದೇನೆ. ‘ತಲಾ ಆದಾಯ’ ರೂಢಿಯಲ್ಲಿ ಇರುವುದರಿಂದ ಕಿವಿಗೆ ಹೊಸದೆನಿಸುವುದಿಲ್ಲ.

ಈ ಹಣದ ವ್ಯವಹಾರವನ್ನು ವಿವರಿಸುವಾಗ ನಮ್ಮ ಕಡೆಯ ‘ವಿಮೆ’ಯೇ ಅಡ್ಡ ಬಂತು. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಬರೀ ‘ವಿಮಾ’ ಅಂದರೆ ಬೆಳೆ ವಿಮೆ. 2016ರಲ್ಲಿ ಫಸಲ್ ಬಿಮಾ ಬಂದ ಮೇಲಂತೂ ಪೂರ್ತಿ ಅದೇ. ‘ವಿಮಾ ತುಂಬಿದಿಯೇನು?’ ಅಂದರೆ ನಾವು ಕೊಡುವ ದುಡ್ಡು. ‘ವಿಮಾ ಬಂತೇನು?’ ಅಂದರೆ ಅವರು ಕೊಡುವ ದುಡ್ಡು. ಒಂದೇ ಪದ ಎರಡೂ ಕಡೆ ಹರಿಯುತ್ತದೆ. ‘ಸಾಲಗಾರ’ ಅನ್ನುವ ಪದ ಸಾಲ ಕೊಟ್ಟವನಿಗೂ ತಗೊಂಡವನಿಗೂ ಆಗುತ್ತಿತ್ತಲ್ಲ, ಹಾಗೆ. ಮೂಲಕ್ಕೆ ಹೋದರೆ ಅದು ಪಾರಸಿಯದು. ಬೀಮ್ ಅಂದರೆ ಭಯ. ಮರಾಠಿಯ ವಿಮಾ, ಹಿಂದಿಯ ಬೀಮಾ ಎಲ್ಲ ಒಂದೇ ಬಳ್ಳಿಯವು. ಮಳೆ ಕೈಕೊಟ್ಟ ವರ್ಷ ಈ ಮೂಲಾರ್ಥ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ‘ತುಂಬು’ ಪದದ ಬಗ್ಗೆ ಒಂದು ಸಣ್ಣ ಪ್ರಶ್ನೆ: ನಮ್ಮಲ್ಲಿ ಫೀಸು ತುಂಬುತ್ತೇವೆ, ಬಿಲ್ಲು ತುಂಬುತ್ತೇವೆ. ಬಳ್ಳಾರಿಯ ನನ್ನ ಚಿಕ್ಕಮ್ಮ ‘ಕಟ್ಟು’ ಅಂತಾಳೆ. 1953ರವರೆಗೆ ಬಳ್ಳಾರಿಯವರು ಮದ್ರಾಸ್ ರಾಜ್ಯದಲ್ಲಿ, 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿ ಇದ್ದುದಕ್ಕೂ ಇದಕ್ಕೂ ಸಂಬಂಧ ಇದೆಯೇ? ಬಳ್ಳಾರಿ ಪಟ್ಟಣದವರು, ಸಿರುಗುಪ್ಪದವರು ಹೇಳಬೇಕು. ಸಿರುಗುಪ್ಪ ನಮಗೆ ಹೊಳೆಯಾಚೆಯ ನೆರೆಯಲ್ಲವೇ.

‘ಸಂಘ’ವೋ ‘ಒಕ್ಕೂಟ’ವೋ ಅನ್ನುವುದಕ್ಕೆ ಎರಡು ದಿನ ತಿರುಗಿದೆ. ಮೊದಲು ‘ಒಕ್ಕೂಟ’ ಅಂತಲೇ ಬರೆದಿದ್ದೆ. ಕಣ್ಣೆದುರು ನಮ್ಮ ಹಾಲು ಒಕ್ಕೂಟ ಇತ್ತು. ಮೊದಲು ರಾಯಚೂರು, ಬಳ್ಳಾರಿ, ಕೊಪ್ಪಳ ಸೇರಿ ರಾಬಕೊ, ವಿಜಯನಗರ ಜಿಲ್ಲೆ ಆದ ಮೇಲೆ ರಾಬಕೊವಿ. (ನಾಲ್ಕು ಜಿಲ್ಲೆಯ ಹೆಸರನ್ನು ಹೀಗೆ ನಾಲ್ಕಕ್ಷರಕ್ಕೆ ಇಳಿಸಿದವರಿಗೆ ಒಂದು ನಮಸ್ಕಾರ.) ಹಳ್ಳಿಯಲ್ಲಿ ಸಂಘ, ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ. ಆದರೆ ಹಾಲು ಒಕ್ಕೂಟ ತಾನೇ ಹಾಲು ತಗೊಂಡು ವ್ಯಾಪಾರ ಮಾಡುತ್ತದೆ. ಅಮೆರಿಕದ ಈ ಸಂಘ ಯಾರಿಗೂ ವಿಮೆ ಮಾಡಿಸುವುದಿಲ್ಲ. ಸದಸ್ಯ ಸಂಸ್ಥೆಗಳ ಪರವಾಗಿ ಸಂಸತ್ತಿನವರ ಹತ್ತಿರ, ಸರ್ಕಾರದ ಹತ್ತಿರ ಮಾತಾಡುತ್ತದೆ. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತದೆ. ಹಾಗಾದರೆ ಹೋಲಿಕೆ ಹಾಲಿನದಲ್ಲ, ಅಕ್ಕಿಯದು. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಗಿರಣಿ ಮಾಲೀಕರ ಸಂಘಗಳಿವೆಯಲ್ಲ, ಹಾಗೆ. ಗಿರಣಿ ಅವರವರದು. ಲೆವಿ ಅಕ್ಕಿಯ (ಗಿರಣಿಯವರು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಅಕ್ಕಿ) ಮಾತು ಬಂದಾಗ ಎಲ್ಲರ ಪರವಾಗಿ ಬೆಂಗಳೂರಿಗೆ ಹೋಗುತ್ತಿದ್ದದ್ದು ಸಂಘ. ಆದ್ದರಿಂದ ‘ಸಂಘ’ ಗೆದ್ದಿತು. ಗಿರಣಿಯವರದು ಲಾಭದ ಧಂದೆ, ಇದು ಅಲ್ಲ ಅನ್ನುವ ವ್ಯತ್ಯಾಸ ಇದೆ. ಅದನ್ನು ಮುಂದಿನ ವಾಕ್ಯ ನೋಡಿಕೊಳ್ಳುತ್ತದೆ.

‘ರಾಷ್ಟ್ರೀಯ’ವನ್ನು ಸುಮ್ನೆ ಕಿತ್ತು ಹಾಕಿದೆ. ಕನ್ನಡ ಓದುಗರಿಗೆ ಅದು ಭಾರತ. ‘ಅಮೆರಿಕದ’ ಅಂದರೆ ಸಾಕು.

ಉಳಿದದ್ದು ಸಿಇಒ. ನಮ್ಮಲ್ಲಿ ಸಿಇಒ ಅಂದರೆ ಜಿಲ್ಲಾ ಪಂಚಾಯಿತಿಯ ಸಿಇಒ ಸಾಹೇಬರು. ಐಎಎಸ್ಸು, ಕಾರು, ಹಿಂದೆ ನಾಲ್ಕು ಜನ. ‘ಅಧಿಕಾರಿ’ ಅಂದ ತಕ್ಷಣ ಸರ್ಕಾರ ಬಂದು ಕೂರುತ್ತದೆ. ‘ಅಧ್ಯಕ್ಷೆ’ ಅಂದರೆ ತಪ್ಪು, ಅಧ್ಯಕ್ಷರು ಬೇರೆ ಇರುತ್ತಾರೆ. ಸೊಸೈಟಿಯ ಭಾಷೆಯಲ್ಲಿ ಹೇಳುವುದಾದರೆ ಮರ್ರೆಯವರು ಮಾಡಿದ್ದು ಸೆಕ್ರೆಟರಿ ಕೆಲಸ. ಆಡಳಿತ ಮಂಡಳಿ ಮೇಲೆ, ದಿನದ ಕೆಲಸ ಇವರದು. ಹಾಗಂತ ‘ಕಾರ್ಯದರ್ಶಿ’ ಅಂತ ಹಾಕಿದರೆ ಅವರ ತೂಕ ಇಳಿಯುತ್ತದಾ? ನಮ್ಮ ಸೆಕ್ರೆಟರಿಯನ್ನು ಇದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ‘ನಡೆಸಿದವರು’ ಅಂತ ಕ್ರಿಯಾಪದಕ್ಕೆ ಜಾರಿಕೊಂಡಿದ್ದೇನೆ. ಕನ್ನಡದಲ್ಲಿ ನಡೆಸುವುದು ದೊಡ್ಡ ಮಾತು. ಮನೆ ನಡೆಸುತ್ತೇವೆ, ಮಠ ನಡೆಸುತ್ತೇವೆ, ಮದುವೆ ನಡೆಸುತ್ತೇವೆ.

‘ಸದಸ್ಯ’ದ ಗೋಜಲು ಇನ್ನೂ ಬಿಡಿಸಿಲ್ಲ. ಸಂಘಕ್ಕೆ ಸದಸ್ಯರು ಅಂದರೆ ಸಂಸ್ಥೆಗಳು. ಸಂಸ್ಥೆಗೆ ‘ಮೆಂಬರ್’ ಅಂದರೆ ವಿಮೆ ಪಡೆದ ಬಡವರು. ಸೊಸೈಟಿ ಓದುಗರಿಗೆ ಸದಸ್ಯ ಅಂದರೆ ಷೇರು ಹಣ ತುಂಬಿ ಓಟು ಹಾಕುವವನು. ಅಮೆರಿಕದ ಈ ಮೆಂಬರಿಗೆ ಷೇರಿಲ್ಲ. ‘ಫಲಾನುಭವಿ’ ಅನ್ನಲು ಮನಸ್ಸಿಲ್ಲ, ಕೈ ಚಾಚಿ ನಿಂತವರ ಹಾಗೆ. ‘ವಿಮಾದಾರ’ ಅಂದರೆ ಕೊಡುವವನೋ ಪಡೆಯುವವನೋ ತಿಳಿಯುವುದಿಲ್ಲ. ‘ಕಾರ್ಡುದಾರರು’ ಅಂತ ಹಾಕಲೇ? ರೇಷನ್ ಕಾರ್ಡಿನಿಂದ ಯಶಸ್ವಿನಿ ಕಾರ್ಡಿನವರೆಗೆ ಎಲ್ಲರಿಗೂ ಗೊತ್ತಿರುವ ಪದ.

ಸದ್ಯಕ್ಕೆ ವಾಕ್ಯ ಹೀಗೆ ನಿಂತಿದೆ: ‘ಅಮೆರಿಕದಲ್ಲಿ ಬಡವರ ಆರೋಗ್ಯ ವಿಮೆ ನೋಡಿಕೊಳ್ಳುವ, ಲಾಭ ಹಂಚಿಕೊಳ್ಳದ ಊರೂರಿನ ಸಂಸ್ಥೆಗಳು ಸೇರಿ ಒಂದು ಸಂಘ ಕಟ್ಟಿಕೊಂಡಿವೆ. ಅದನ್ನು 2001ರಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಸಿದವರು ಮಾರ್ಗರೆಟ್ ಮರ್ರೆ.’

ಒಂದು ವಾಕ್ಯ ಎರಡಾಯಿತು. ಸೆಕ್ರೆಟರಿ ಓದಿ ಈ ಸಲ ಒಂದೇ ಪ್ರಶ್ನೆ ಕೇಳಿದರು: ‘ಅವರಿಗೂ ವರ್ಷಾ ವರ್ಷಾ ಆಡಿಟ್ ಇರ್ತದೇನ್ರಿ?’ ಗುರುವಾರ ಪುಟ ಪ್ರೆಸ್ಸಿಗೆ ಹೋಗುತ್ತದೆ. ‘ಕಾರ್ಡುದಾರರು’ ಮತ್ತು ‘ಆಸರೆ’ ಬಗ್ಗೆ ಅಷ್ಟರೊಳಗೆ ಹೇಳಿದರೆ ತಿದ್ದುತ್ತೇನೆ. ‘ತುಂಬು’, ‘ಕಟ್ಟು’ ಬಗ್ಗೆ ನಿಧಾನಕ್ಕೆ ಬರೆಯಿರಿ, ಅವಸರವಿಲ್ಲ.