ಜೊತೆಗೆ ಕೆಲಸ ಮಾಡುವವರಿಗಾಗಿ ಪ್ರಾರ್ಥಿಸುತ್ತೇನೆ. ಅದನ್ನು ಅವರಿಗೆ ಹೇಳಬೇಕಾ?

ಉಡುಪಿ_ಸಭೆಯವಳು:
ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದೇನೆ. ಪಕ್ಕದ ಕೌಂಟರಿನ ಅಕ್ಕನ ಗಂಡನಿಗೆ ಡಯಾಲಿಸಿಸ್ ಶುರುವಾಗಿದೆ. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದು, ಮರುದಿನ ಏನೂ ಆಗದವರ ಹಾಗೆ ಕೆಲಸಕ್ಕೆ ಬರುತ್ತಾರೆ. ಅವರಿಗೆ ಯೇಸುವಿನ ಬಗ್ಗೆ ಹೇಳಬೇಕು ಅಂತ ನನಗೆ ತುಂಬಾ ಆಸೆ. ನಮ್ಮ ಮನೆ ಪ್ರಾರ್ಥನೆಯಲ್ಲಿ, ಯೇಸುವನ್ನು ನಂಬಿ ರಕ್ಷಣೆ ಹೊಂದಬೇಕಾದವರ ಹೆಸರು ಕೊಡಿ ಅಂತ ಕೇಳುತ್ತಾರೆ. ಅಕ್ಕನ ಹೆಸರು ಕೊಡಲೇ? "ಬಾಯಿ ತೆರೆಯಬೇಡ, ಸುಮ್ನೆ ಪ್ರಾರ್ಥನೆ ಮಾಡು" ಅಂತ ಅಮ್ಮ ಹೇಳುತ್ತಾರೆ. ನನಗೆ ಏನೂ ತೋಚುತ್ತಿಲ್ಲ.

ಮೂಲ್ಕಿ_ಬ್ರದರ್:
ಸಿಸ್ಟರ್, ಹೇಳುವವರೇ ಇಲ್ಲದಿದ್ದರೆ ಕೇಳುವುದು ಹೇಗೆ ಅಂತ ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿದೆ. ಪ್ರಾರ್ಥನೆ ಮಾಡಿ, ಧೈರ್ಯವಾಗಿ ಹೇಳಿ.

ಬಲ್ಮಠ_ನರ್ಸಕ್ಕ:
ಬ್ರದರ್ ಹೇಳಿದ್ದು ಸರಿ. ಆದರೆ ಅದೇ ಅಧ್ಯಾಯ ಶುರುವಾಗುವುದು ಹೇಗೆ ನೋಡಿ. ತನ್ನ ಜನರ ರಕ್ಷಣೆಗಾಗಿ ದೇವರನ್ನು ಬೇಡುತ್ತೇನೆ ಅಂತ ಆ ಪತ್ರ ಬರೆದ ಪೌಲನು ಮೊದಲನೇ ವಚನದಲ್ಲೇ ಬರೆಯುತ್ತಾನೆ. ಅವರ ಬೆನ್ನ ಹಿಂದೆ ಗುಟ್ಟಾಗಿ ಅಲ್ಲ, ಎಲ್ಲರೂ ಓದುವ ಪತ್ರದಲ್ಲಿ.

ನಾನು ಮಂಗಳೂರಿನಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ನಾನು ಪಾಲಿಸಿಕೊಂಡು ಬಂದದ್ದು ಒಂದೇ: ಆ ವ್ಯಕ್ತಿಯ ಎದುರು ಕೂತು ಗಟ್ಟಿಯಾಗಿ ಮಾಡಲು ಆಗದ ಪ್ರಾರ್ಥನೆಯನ್ನು ಅವರ ಹಿಂದೆಯೂ ಮಾಡಬಾರದು. "ಕರ್ತನೇ, ಈ ಕಾಯಿಲೆಯ ಮೂಲಕ ಇವರನ್ನು ನಿನ್ನ ಹತ್ತಿರ ತಾ" ಅಂತ ಅಕ್ಕನ ಎದುರು ಹೇಳಬಲ್ಲಿರಾ? ಹೇಳಲಾರಿರಿ ಅಲ್ವಾ? ಹಾಗಾದರೆ ಅದು ಬೇಡ. "ಇವರ ಗಂಡನಿಗೆ ಇವತ್ತು ರಾತ್ರಿ ನಿದ್ದೆ ಕೊಡು, ನಿನ್ನ ಪ್ರೀತಿ ಇವರಿಗೆ ಗೊತ್ತಾಗಲಿ" ಅಂತ ಎದುರಲ್ಲೇ ಹೇಳಬಹುದು. ಇದರಲ್ಲಿ ನಿಮ್ಮ ನಂಬಿಕೆಯೂ ಮುಚ್ಚಿಹೋಗುವುದಿಲ್ಲ.

ಗುಂಪಿನಲ್ಲಿ ಅವರ ಹೆಸರು ಕೊಡಬೇಡಿ. ಕೊಡುವುದಾದರೆ ಅವರನ್ನು ಕೇಳಿ ಕೊಡಿ. ಮನೆ ಪ್ರಾರ್ಥನೆ ಮುಗಿದು ಚಾ ಕುಡಿಯುವ ಹೊತ್ತಿಗೆ ಇನ್ನೊಬ್ಬರ ಮನೆಯ ಕಾಯಿಲೆ ಹೇಗೆ ಮಾತಾಗುತ್ತದೆ ಅಂತ ನಮಗೆಲ್ಲ ಗೊತ್ತು.

ರಾತ್ರಿ ಡ್ಯೂಟಿಯಲ್ಲಿ ನಾನು ಪ್ರಾರ್ಥನೆ ಮಾಡಿಯೇ ವಾರ್ಡಿಗೆ ಇಳಿಯುತ್ತಿದ್ದೆ. ಅದು ಅಲ್ಲಿನವರಿಗೆ ಗೊತ್ತಿತ್ತು. ಒಮ್ಮೆ ಬೆಳ್ತಂಗಡಿ ಕಡೆಯ ಒಬ್ಬ ತಾಯಿ, ಮಗನನ್ನು ಆಪರೇಷನ್‌ಗೆ ಕರೆದುಕೊಂಡು ಹೋಗುವ ಮೊದಲು, ನನ್ನ ಕೈ ಹಿಡಿದು "ಎಂಕ್ಲೆಗ್‌ಲಾ ಒಂಜಿ ಪ್ರಾರ್ಥನೆ ಮಲ್ಪುಲೆ ಸಿಸ್ಟರ್" (ನಮಗೂ ಒಂದು ಪ್ರಾರ್ಥನೆ ಮಾಡಿ ಸಿಸ್ಟರ್) ಅಂತ ತುಳುವಿನಲ್ಲಿ ಅಂದರು. ಅವರ ಸೆರಗಿನ ತುದಿಯಲ್ಲಿ ದೇವಸ್ಥಾನದ ಪ್ರಸಾದ ಕಟ್ಟಿಕೊಂಡಿತ್ತು. ಅಲ್ಲೇ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದೆ. ಆಮೇಲೆ ಆ ತಾಯಿಯೇ, ಯೇಸು ಯಾರು, ನೀವು ಯಾಕೆ ಹೀಗೆ ಬೇಡುತ್ತೀರಿ ಅಂತ ಕೇಳಿದರು. ಹೇಳಿದೆ. ಕೇಳಿದ್ದಕ್ಕಿಂತ ಜಾಸ್ತಿ ಹೇಳಲಿಲ್ಲ.

ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿ. ಪೌಲ ಬರೆಯುವುದು ಜೈಲಿನಿಂದ. ಬಾಗಿಲು ತೆರೆಯಲಿ ಅಂತ ಪ್ರಾರ್ಥಿಸಿ ಅನ್ನುತ್ತಾನೆ, ಆದರೆ ಜೈಲಿನ ಬಾಗಿಲಲ್ಲ, ದೇವರ ವಾಕ್ಯ ಹೇಳುವುದಕ್ಕೆ ಬಾಗಿಲು. ಆ ಬಾಗಿಲು ತೆರೆಯುವುದು ದೇವರ ಕೆಲಸ, ಒದ್ದು ತೆರೆಯುವ ಕೆಲಸ ನಮ್ಮದಲ್ಲ. ಹಾಗಂತ ತೆರೆದಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದೂ ಸರಿಯಲ್ಲ. ನಿಮ್ಮ ಅಮ್ಮನಿಗೆ ಇದನ್ನು ಹೇಳಿ.

ಇನ್ನೊಂದು ಮಾತು. ಅಕ್ಕನ ಮನೆಗೆ ಹೋಗುವಾಗ ಬೊಂಡ (ಎಳನೀರು) ಹಿಡಿದುಕೊಂಡು ಹೋಗಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಡಯಾಲಿಸಿಸ್ ಆಗುವವರಿಗೆ ಅಪಾಯ. ಅವರು ನೀರನ್ನೂ ಅಳೆದು ಕುಡಿಯಬೇಕು. ನಮ್ಮ ಊರಿನ ಸೆಖೆಗೆ ಆ ಬಾಯಾರಿಕೆ ಸಣ್ಣ ಕಷ್ಟವಲ್ಲ. ಪ್ರಾರ್ಥನೆಯಲ್ಲಿ ಆ ಬಾಯಾರಿಕೆಯನ್ನೂ ನೆನೆಸಿಕೊಳ್ಳಿ.

ಕಾಪು_ಓದುಗ:
ನಾನು ಕ್ರಿಶ್ಚಿಯನ್ ಅಲ್ಲ. ಆದರೂ ಬರೆಯುತ್ತೇನೆ. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಇಬ್ಬರು ಬಂದು, ಕೇಳದೇ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಶುರು ಮಾಡಿದರು. ಅಪ್ಪನಿಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ. ಅದು ನನಗೆ ಈಗಲೂ ನೋವು. ನರ್ಸಕ್ಕ ಹೇಳಿದ ಹಾಗೆ ಕೇಳಿದ್ದರೆ ಅಪ್ಪ ಹೂಂ ಅನ್ನುತ್ತಿದ್ದರೇನೋ. ವರ್ಷವೂ ಕಾರ್ಕಳದ ಅತ್ತೂರು ಚರ್ಚಿನ ಹಬ್ಬಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಿದ್ದವರು ಅವರು.

ಬಲ್ಮಠ_ನರ್ಸಕ್ಕ:
ಅಣ್ಣಾ, ನೀವು ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಪ್ರಾರ್ಥನಾ ಗುಂಪು ನಡೆಸುವವರೆಲ್ಲ ಇದನ್ನು ಓದಬೇಕು. ಬೇಡ ಅನ್ನಲು ಆಗದವರ ಮುಂದೆ ಮಾಡುವುದು ನಂಬಿಕೆಯ ಸಾಕ್ಷಿ ಅಲ್ಲ.

ಉಡುಪಿ_ಸಭೆಯವಳು:
ಎಲ್ಲರಿಗೂ ಥ್ಯಾಂಕ್ಸ್. ಹೆಸರು ಕೊಡುವುದಿಲ್ಲ. ಅಕ್ಕನನ್ನೇ ಕೇಳುತ್ತೇನೆ. ಅವರದು ಮನೆಯಲ್ಲಿ ತುಳು. ನನಗೆ ಕನ್ನಡದಲ್ಲಿ ಮಾತ್ರ ಪ್ರಾರ್ಥನೆ ಮಾಡಿ ಅಭ್ಯಾಸ. ಏನು ಮಾಡಲಿ?

ಬಲ್ಮಠ_ನರ್ಸಕ್ಕ:
ಅಕ್ಕನ ಜೊತೆ ಮಾತಾಡುವುದು ತುಳುವಿನಲ್ಲೇ ಅಲ್ವಾ? ಪ್ರಾರ್ಥನೆಯೂ ಅದರಲ್ಲೇ ಆಗಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, 1847ಕ್ಕೆಲ್ಲ ತುಳುವಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಬಂದಿತ್ತು. ನಾವೇ ಯಾಕೆ ಹಿಂಜರಿಯಬೇಕು? ಕೌಂಟರಿನಲ್ಲಿ ಮಾತ್ರ ಬೇಡ, ನಾಲ್ಕು ಜನ ನೋಡಿದರೆ ಅವರಿಗೆ ಮುಜುಗರ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿ. ಬೇಡ ಅಂದರೆ ಊಟ ಮುಂದುವರಿಸಿ, ಗಂಡನ ಆರೋಗ್ಯ ವಿಚಾರಿಸಿ.